ಸವೆದದ್ದು ವ್ಯಾನಿನ ಕೀಲು, ತಪ್ಪಿತಸ್ಥೆ ನನ್ನ ಅಕ್ಕ

ಆಸ್ಪತ್ರೆಯ ವಾಹನ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನಿಮ್ಮ ಅಪಘಾತ ವಿಚಾರಣಾ ವರದಿ ಹನ್ನೊಂದು ಪುಟ ಇದೆ. ಅದರ ಒಂಬತ್ತನೇ ಪುಟದಲ್ಲಿ 'ಚಾಲಕಿಯ ಅಜಾಗರೂಕತೆ' ಎಂಬ ಎರಡು ಪದಗಳಿವೆ. ಆ ಎರಡೂ ಪದ ಸುಳ್ಳು. ಅವು ಯಾಕೆ ಸುಳ್ಳು ಎಂದು ಹೇಳಲು ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಮೊದಲ ಸಲ ನೀವು ಸಭೆಯಲ್ಲಿದ್ದಿರಿ, ಎರಡನೇ ಸಲ ಪ್ರವಾಸದಲ್ಲಿದ್ದಿರಿ, ಮೂರನೇ ಸಲ ನಿಮ್ಮ ಕೋಣೆಯಲ್ಲೇ ಇದ್ದಿರಿ. ಆದರೆ ಒಳಗೆ ಬಿಡುವ ಚೀಟಿಗೆ ಸಹಿ ಹಾಕಬೇಕಾದವರು ಪ್ರವಾಸದಲ್ಲಿದ್ದರು. ಹಾಗಾಗಿ ನಾಲ್ಕು ಜನ ಓದುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ಮೆಕ್ಯಾನಿಕ್. ಇಪ್ಪತ್ತಾರು ವರ್ಷದಿಂದ ವಾಹನಗಳ ಸಸ್ಪೆನ್ಷನ್, ಅಂದರೆ ಕುಲುಕು ತಾಳುವ ಭಾಗಗಳ ಕೆಲಸವೊಂದನ್ನೇ ಮಾಡಿಕೊಂಡು ಬಂದವನು. ಗಿರಾಕಿಗಳು ನನ್ನನ್ನು ಕರೆಯುವುದೇ ಷಾಕಣ್ಣ ಎಂದು. ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುತ್ತಿದ್ದ ನಿಮ್ಮ ಬಿಳಿ ವ್ಯಾನಿನ ಚಾಲಕಿ ನನ್ನ ಅಕ್ಕ. ಹದಿನೇಳು ವರ್ಷದ ಸೇವೆಯಲ್ಲಿ ಅವಳ ಮೇಲೆ ಒಂದು ದೂರಿಲ್ಲ. ಬ್ರೇಕ್ ಒತ್ತುವಾಗಲೂ ಹಿಂದೆ ಕೂತವರಿಗೆ "ಸ್ವಲ್ಪ ಹಿಡ್ಕೊಳ್ಳಿ" ಎಂದು ಹೇಳಿ ಒತ್ತುವ ಹೆಂಗಸು ಅವಳು.

ಅಪಘಾತಕ್ಕೆ ಐದು ವಾರ ಮುಂಚೆ, ಒಂದು ಮಧ್ಯಾಹ್ನ, ಉಳಿದ ರೋಗಿಗಳನ್ನೆಲ್ಲ ಇಳಿಸಿ ವ್ಯಾನನ್ನು ನನ್ನ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದಳು. ಮುಂದಿನ ಸೀಟಿನಲ್ಲಿ ದರ್ಜಿ ಅಜ್ಜಿ ಇನ್ನೂ ಕೂತಿದ್ದರು. ಅವರ ಮನೆ ನನ್ನ ಗ್ಯಾರೇಜಿನ ಹಿಂದಿನ ಬೀದಿ. ನಲವತ್ತು ವರ್ಷ ಬಟ್ಟೆ ಹೊಲಿದ ಕೈ, ಈಗ ವಾರಕ್ಕೆ ಮೂರು ದಿನ ಸೂಜಿ ಚುಚ್ಚಿಸಿಕೊಳ್ಳುವ ಕೈ.

"ನೋಡಪ್ಪಾ, ನಿಮ್ಮಕ್ಕನ ಗಾಡಿ ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಲ್ಲ, ಕುಣಿಸ್ಕೊಂಡು ಹೋಗುತ್ತೆ. ಈ ವಯಸ್ಸಲ್ಲಿ ನಂಗೆ ಕುಣಿತ ಬೇಕಾ?" ಎಂದರು ಅಜ್ಜಿ.

ಅಕ್ಕ ನಗಲಿಲ್ಲ. "ತಿರುವಲ್ಲಿ ಎಡಗಡೆ ಕಟಕಟ ಅನ್ನುತ್ತೆ ಕಣೋ. ಸ್ಟೀರಿಂಗ್ ಬಿಟ್ರೆ ಸಾಕು, ತಾನೇ ಎಡಕ್ಕೆ ಎಳೀತದೆ."

ವ್ಯಾನಿನ ಮುಂದಿನ ಎಡಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟೆ. ಗಟ್ಟಿಯಾಗಿರುವ ವಾಹನ ಒಮ್ಮೆ ಮೇಲೆದ್ದು ಸುಮ್ಮನಾಗುತ್ತದೆ. ಇದು ನಾಲ್ಕು ಸಲ ತೂಗಿತು. ಷಾಕ್ ಅಬ್ಸಾರ್ಬರಿನ ಎಣ್ಣೆ ಸೋರಿ, ಅದರ ಮೈಮೇಲೆ ಧೂಳು ಗಟ್ಟಿಯಾಗಿ ಅಂಟಿತ್ತು. ಟೈರಿನ ಒಳ ಅಂಚು ಬೋಳಾಗಿತ್ತು. ಜಾಕ್ ಹಾಕಿ ಎತ್ತಿ, ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಬೀಳಲಿರುವ ಹಲ್ಲಿನ ಹಾಗೆ ಆಡಿತು. ಚಕ್ರವನ್ನು ಕೆಳಗಿನ ತೋಳಿಗೆ ಹಿಡಿದಿಡುವ ಬಾಲ್ ಜಾಯಿಂಟ್ ಎಂಬ ಗುಂಡು ಕೀಲು ಪೂರಾ ಸವೆದಿತ್ತು. ಷಾಕ್ ಕೆಟ್ಟರೆ ಗಾಡಿ ಕುಣಿಯುತ್ತದೆ. ಈ ಕೀಲು ಬಿಟ್ಟರೆ ಚಕ್ರವೇ ಮಗುಚಿಕೊಳ್ಳುತ್ತದೆ. ಇದನ್ನು ಹೇಳಲು ಪದವಿ ಬೇಕಿಲ್ಲ, ನೆಲಕ್ಕೆ ಬೆನ್ನು ಕೊಟ್ಟು ಮಲಗುವ ಮನಸ್ಸಿದ್ದರೆ ಸಾಕು.

ಅಕ್ಕ ಮಾರನೆಯ ದಿನವೇ ನಿಮಗೆ ಲಿಖಿತ ಅರ್ಜಿ ಕೊಟ್ಟಳು. ಹನ್ನೆರಡು ದಿನದ ನಂತರ ನಿಮ್ಮ ಉತ್ತರ ಬಂತು: 'ಸದರಿ ಬಿಡಿಭಾಗಗಳ ನಿಗದಿತ ಬಾಳಿಕೆ ಅವಧಿ ಇನ್ನೂ ಹದಿನಾಲ್ಕು ತಿಂಗಳು ಉಳಿದಿರುವುದರಿಂದ ಬದಲಾವಣೆಯ ಪ್ರಶ್ನೆ ಉದ್ಭವಿಸುವುದಿಲ್ಲ.' ಎಂಥ ಸುಂದರ ವಾಕ್ಯ! ಪಾಪ, ಆ ಕೀಲಿಗೆ ಓದು ಬರುತ್ತಿರಲಿಲ್ಲ. ತನಗಿನ್ನೂ ಹದಿನಾಲ್ಕು ತಿಂಗಳು ಆಯಸ್ಸಿದೆ ಎಂದು ಅದಕ್ಕೆ ಯಾರು ಓದಿ ಹೇಳಬೇಕಿತ್ತು? ಅವಳು ಎರಡನೇ ಅರ್ಜಿ ಕೊಟ್ಟಳು. ಮಾನ್ಯತೆ ಪಡೆದ ವರ್ಕ್‌ಶಾಪಿನಲ್ಲಿ ಸರದಿ ಬರುವವರೆಗೆ ಕಾಯಬೇಕು, ಹೊರಗಿನವರು ಒಂದು ನಟ್ಟು ಬಿಚ್ಚಿದರೂ ಚಾಲಕಿಯ ಮೇಲೆ ಕ್ರಮ ಜರುಗಿಸಲಾಗುವುದು ಎಂದಿರಿ. ಶಂಖದಿಂದ ಬಂದರೇ ತೀರ್ಥ ಎನ್ನುವ ಮಾತು ನಿಮ್ಮಲ್ಲಿ ಗಾಡಿಗೂ ಅನ್ವಯಿಸುತ್ತದೆ ಎಂದು ಆಗ ತಿಳಿಯಿತು.

ಇನ್ನು ಮುಂದಿನದು ನನ್ನ ತಪ್ಪು, ಅದನ್ನೂ ಮುಚ್ಚಿಡುವುದಿಲ್ಲ. ಆ ವ್ಯಾನಿಗೆ ಒಪ್ಪುವ ಒಂದು ಜೊತೆ ಕೀಲು, ಒಂದು ಜೊತೆ ಷಾಕ್ ನನ್ನ ಕಪಾಟಿನಲ್ಲೇ ಇದ್ದವು. ಅರ್ಧ ದಿನದ ಕೆಲಸ.

"ಯಾರಿಗೂ ಹೇಳೋದು ಬೇಡ, ನೀನೇ ಹಾಕ್ಬಿಡೋ," ಎಂದಳು ಅಕ್ಕ.

"ಗೊತ್ತಾದ್ರೆ ನಿನ್ನ ಕೆಲಸ ಹೋಗುತ್ತೆ ಅಕ್ಕ. ಇಷ್ಟು ದಿನ ಕಾದಿದೀವಿ, ಇನ್ನೊಂದು ವಾರ ಕಾಯೋಣ. ನಿಧಾನಕ್ಕೆ ಓಡಿಸು," ಎಂದೆ.

"ರೋಗಿಗಳು ಕಾಯಕ್ಕಾಗಲ್ವಲ್ಲೋ" ಎಂದಷ್ಟೇ ಹೇಳಿ ಅವಳು ಕೀಲಿಕೈ ತೆಗೆದುಕೊಂಡು ಹೊರಟಳು. ನಾನು ತಡೆಯಲಿಲ್ಲ.

ಆರನೇ ದಿನ, ಬೆಳಗಿನ ಹನ್ನೊಂದು ಗಂಟೆ. ಚಿಕಿತ್ಸೆ ಮುಗಿಸಿ ಸುಸ್ತಾದ ಮೂವರು ರೋಗಿಗಳೊಂದಿಗೆ ಹಿಂತಿರುಗುವಾಗ, ಹಿಟ್ಟಿನ ಗಿರಣಿಯ ಪಕ್ಕದ ತಿರುವಿನಲ್ಲಿ, ಗೇಣು ಆಳವೂ ಇಲ್ಲದ ಒಂದು ಗುಂಡಿಗೆ ಎಡಚಕ್ರ ಇಳಿಯಿತು. ಗಾಡಿ ಎಷ್ಟು ನಿಧಾನವಾಗಿತ್ತೆಂದರೆ ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದವರು ಅದನ್ನು ದಾಟಿ ಹೋಗಿದ್ದರಂತೆ. ಗಿರಣಿಯವರು ಟಪ್ ಎಂಬ ಸದ್ದು ಕೇಳಿ ಹೊರಗೆ ಬಂದಾಗ ಚಕ್ರ ಹೊರಕ್ಕೆ ಮಗುಚಿ, ವ್ಯಾನು ಮೋರಿಯ ಕಟ್ಟೆಗೆ ಬಡಿದು, ಇಳಿಜಾರಿಗೆ ಉರುಳಿತ್ತು. ಹಿಂದಿನ ಇಬ್ಬರಿಗೆ ಪೆಟ್ಟಾಯಿತು. ದರ್ಜಿ ಅಜ್ಜಿ ಮುಂದೆ ಎಡಗಡೆ ಕೂತಿದ್ದರು. ಅಕ್ಕ ತನ್ನ ಮುರಿದ ಮುಂಗೈಯಲ್ಲೇ ಅವರ ತಲೆ ಹಿಡಿದುಕೊಂಡು ಕೂತಿದ್ದಳಂತೆ. ಮತ್ತೊಂದು ವಾಹನ ಬರುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದರು.

ನಿಮ್ಮ ಸಮಿತಿಯ ಮೂವರೂ ಆ ವ್ಯಾನನ್ನು ನಿಂತಲ್ಲೇ ನೋಡಿದರು. ಒಬ್ಬರಾದರೂ ಬಗ್ಗಿದರೇ? ನಾನು ಪೊಲೀಸರ ಅನುಮತಿ ಪಡೆದು ಅದರಡಿ ತೆವಳಿದೆ. ಅಪಘಾತದ ಪೆಟ್ಟಿನಿಂದ ಮುರಿದ ಉಕ್ಕು ಒಳಗೆ ಬೆಳ್ಳಗಿರುತ್ತದೆ. ಈ ಕೀಲಿನ ಬಟ್ಟಲು ಒಂದೇ ಮಗ್ಗುಲಿಗೆ ಸವೆದು ಬಾಯಗಲಿಸಿತ್ತು, ಒಳಗೆಲ್ಲ ಹಳೆಯ ತುಕ್ಕು. ಅದು ಆ ಕ್ಷಣ ಮುರಿದದ್ದಲ್ಲ, ತಿಂಗಳುಗಟ್ಟಲೆ ತಿಂದುಹೋಗಿ ಕಳಚಿದ್ದು. ಪೊಲೀಸರ ಎದುರೇ ಫೋಟೊ ತೆಗೆದು ನಿಮಗೆ ಕಳಿಸಿದೆ. ನನ್ನ ಕಸುಬಿನಲ್ಲಿ ಸಸ್ಪೆನ್ಷನ್ ಎಂದರೆ ಪೆಟ್ಟನ್ನು ತಾನು ತಾಳಿ ಕೂತವರನ್ನು ಕಾಯುವ ಏರ್ಪಾಡು. ನಿಮ್ಮಲ್ಲಿ ಅದಕ್ಕೆ ಒಂದೇ ಅರ್ಥ, ಅಮಾನತು. ವ್ಯಾನಿಗೆ ಬೇಕಿದ್ದಾಗ ಕೊಡದೆ ನನ್ನ ಅಕ್ಕನಿಗೆ ಎರಡೇ ದಿನದಲ್ಲಿ ಕೊಟ್ಟಿರಿ.

ಅವಳನ್ನು ಅಮಾನತು ಮಾಡಿದ್ದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಹೋದ ವಾರ ದರ್ಜಿ ಅಜ್ಜಿಯ ಮಗಳು ನಮ್ಮ ಮನೆಗೆ ಬಂದಿದ್ದರು. ಜಗಳಕ್ಕೆ ಬಂದಿರಬೇಕು ಅಂದುಕೊಂಡೆ. ಅವರು ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತು, "ಅಮ್ಮ ಕೊನೇಲಿ ಏನಾದ್ರೂ ಅಂದ್ರಾ ಅಕ್ಕಾ?" ಎಂದು ಕೇಳಿದರು.

ಅಕ್ಕ ಮುರಿದ ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ, "ನನ್ನದೇ ತಪ್ಪಮ್ಮಾ. ವರದೀಲೂ ಹಾಗೇ ಬಂದಿದೆ," ಎಂದಳು.

ಆ ಮಗಳು ಎದ್ದು ಹೋದರು. ಕೇಳಿದ ಮಾತಿಗೆ ಅವರಿಗೆ ಉತ್ತರ ಸಿಗಲಿಲ್ಲ. ಅಜ್ಜಿ ಏನೋ ಹೇಳಿದ್ದರು, ಅದು ಅಕ್ಕನಿಗೆ ಗೊತ್ತು. ಹೇಳುವ ಯೋಗ್ಯತೆ ತನಗಿಲ್ಲ ಎಂದುಕೊಂಡಿದ್ದಾಳೆ. ಎರಡು ಅರ್ಜಿ ಬರೆದವಳು, ಎಚ್ಚರಿಸಿದವಳು, ಈಗ ನಿಮ್ಮ ಒಂಬತ್ತನೇ ಪುಟವನ್ನು ನಂಬಿಬಿಟ್ಟಿದ್ದಾಳೆ. ತಮ್ಮನ ಮಾತಿಗಿಂತ ಮೊಹರಿನ ಮಾತು ದೊಡ್ಡದಲ್ಲವೇ?

ಇನ್ನೊಂದು ವಿಷಯ. ಅದೇ ಮಾದರಿಯ ನಿಮ್ಮ ಉಳಿದೆರಡು ವ್ಯಾನುಗಳ ಚಾಲಕರು ಮೊನ್ನೆ ಭಾನುವಾರ ನನ್ನ ಬಳಿಗೆ ಬಂದರು. ಒಂದರ ಬಲಚಕ್ರ ಆಡುತ್ತಿತ್ತು. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಎರಡೂ ಗಾಡಿಗಳ ಹಳೆಯ ಕೀಲು, ಷಾಕ್ ತೆಗೆದು, ಎಡಬಲ ಎರಡೂ ಕಡೆ ಹೊಸದು ಹಾಕಿದೆ. ನಿಮ್ಮ ನಿಯಮದ ಪ್ರಕಾರ ಅವು ಈಗ ಅಕ್ರಮವಾಗಿ ಸುರಕ್ಷಿತವಾಗಿವೆ. ಕ್ರಮ ಜರುಗಿಸುವುದಿದ್ದರೆ ಚಾಲಕರ ಮೇಲೆ ಬೇಡ. ಬಿಚ್ಚಿದ ಕೈ ನನ್ನದು.

ನನ್ನ ಬೇಡಿಕೆ ಇಷ್ಟೇ. ಕೀಲನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ, ಆ ಎರಡು ಪದ ತೆಗೆದುಹಾಕಿ. ತಿದ್ದಿದ ವರದಿಯನ್ನು ಅಂಚೆಯಲ್ಲಿ ಕಳಿಸಬೇಡಿ. ನೀವೇ ಬಂದು, ನನ್ನ ಅಕ್ಕನ ಎದುರು, ದರ್ಜಿ ಅಜ್ಜಿಯ ಮಗಳನ್ನೂ ಕೂರಿಸಿಕೊಂಡು, ಗಟ್ಟಿಯಾಗಿ ಓದಿ. ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಲ್ಲಿ. ಆ ಇಬ್ಬರು ಹೆಂಗಸರು ಮಾತಾಡಿಕೊಳ್ಳುವುದಿದೆ.

ಇಂತಿ,
ಕಾಯಬಾರದ ಹೊತ್ತಿನಲ್ಲಿ ಕಾದು ಕೂತ ಮೆಕ್ಯಾನಿಕ್,
ಆ ಚಾಲಕಿಯ ತಮ್ಮ