ರದ್ದಿಗೆ ಹೋದ ಲೈಬ್ರರಿ ಪುಸ್ತಕ

ರೀ,

ರಾತ್ರಿಪಾಳಿ ಮುಗಿಸಿ ಬಂದವರು ಕೂಡಲೇ ಮಲಗಬೇಡಿ, ಮೊದಲು ಇದನ್ನು ಓದಿ.

ನಿನ್ನೆ ನೀವು ಗುಜರಿಯವನಿಗೆ ತೂಗಿ ಕೊಟ್ಟ ಹಳೇ ಪೇಪರಿನ ಕಟ್ಟಿನಲ್ಲಿ ನನ್ನ ಅಂಗರಚನಾಶಾಸ್ತ್ರದ ಪುಸ್ತಕವೂ ಹೋಗಿದೆ. ನನ್ನದಾದರೂ ಎಲ್ಲಿ, ಕಾಲೇಜು ಲೈಬ್ರರಿಯದು. ಕೊಳೆಯಾಗದಿರಲೆಂದು ಅದಕ್ಕೆ ಪೇಪರಿನ ಬೈಂಡು ಹಾಕಿದ್ದು ನನ್ನ ಜಾಣತನ. ಎಂಟುನೂರು ಪುಟದ ಪೇಪರ್ ಯಾವ ಊರಲ್ಲಿ ಬರುತ್ತೆ ಅಂತ ಯೋಚಿಸದೇ ಹೋದದ್ದು ನಿಮ್ಮದು.

ಇವತ್ತು ಐದು ಗಂಟೆಯೊಳಗೆ ವಾಪಸು ಕೊಡದಿದ್ದರೆ ಹಾಲ್ ಟಿಕೆಟ್ ಇಲ್ಲ. ಹೊಸದು ಕೊಳ್ಳೋಣವೆಂದರೆ ಇದ್ದದ್ದೆಲ್ಲ ಫೀಸಿಗೆ ಹೋಯಿತು.

ನನಗೆ ಹತ್ತಕ್ಕೆ ಪ್ರಾಕ್ಟಿಕಲ್, ಬಿಡುವಂತಿಲ್ಲ. ನೀವೇ ಗುಜರಿ ಅಂಗಡಿಗೆ ಓಡಿ. ಮಧ್ಯಾಹ್ನ ಅವನ ಲಾರಿ ಹೊರಟರೆ ಮುಗಿಯಿತು. ಗೊಣಗಿದರೆ ಗೊಣಗಲಿ, ಒಂದೊಂದು ಕಟ್ಟೂ ಬಿಚ್ಚಿಸಿ. "ಹೆಂಡ್ತಿ ನಲವತ್ತಾರಕ್ಕೆ ನರ್ಸಿಂಗ್ ಓದ್ತಿದಾಳೆ" ಅನ್ನೋಕೆ ನಾಚಿಕೆಯಾದರೆ ಮಗಳದು ಅನ್ನಿ. ಮೊದಲ ದಿನ ಲೈಬ್ರರಿಯವರೂ ನಾನು ಮಗಳಿಗೆ ಪುಸ್ತಕ ಒಯ್ಯಲು ಬಂದವಳು ಅಂತಲೇ ಅಂದುಕೊಂಡಿದ್ದರು.

ಹದಿನೆಂಟು ವರ್ಷ ಆಸ್ಪತ್ರೆಯ ನೆಲ ಒರೆಸಿದ್ದು ಸಾಕು ಅಂತ ನೀವೇ ತಾನೇ ನನ್ನ ಕೈಹಿಡಿದು ಕಾಲೇಜಿಗೆ ಸೇರಿಸಿದ್ದು?

ಊಟ ಮುಚ್ಚಿಟ್ಟಿದ್ದೇನೆ. ಹೋಗಿ ಬಂದು ಉಣ್ಣಿ.

ನಾಲ್ಕೂವರೆಗೆ ಲೈಬ್ರರಿ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ಸಿಕ್ಕರೆ ತನ್ನಿ. ಸಿಗದಿದ್ದರೂ ಬನ್ನಿ, ಒಳಗೆ ಹೋಗಿ ಹೇಳುವುದು ನನ್ನೊಬ್ಬಳ ಕೈಲಾಗದು.