ಶನಿವಾರದ ನೀರು

ಕರ್ತನ ವರುಷ ಎರಡು ಸಾವಿರದ ನೂರ ಐವತ್ತೆಂಟು,
ಎರಡನೆಯ ಬೇಸಿಗೆಯ ನಡುವಾರ, ಬಿಳಿಹಾಳ

ನಮ್ಮ ಸಭೆಯ ಹಿರಿಯರಿಗೆ, ಅಂದರೆ ನಿಮ್ಮ ಕಾಲದಲ್ಲಿ ಇನ್ನೂ ಉಸಿರಾಡುತ್ತಿರುವ ನಿಮಗೆ, ಎಸ್ತೇರವ್ವ ಮಾಡುವ ವಂದನೆಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದ ಮಡಚಿ ಇಡಬೇಡಿರಿ. ನಮ್ಮಲ್ಲಿ ಬೇಸಿಗೆ ವರುಷಕ್ಕೆ ಎರಡು ಸಲ ಬರುತ್ತದೆ. ಮೊದಲನೆಯದು ಮುಗಿದು, ಮಳೆ ಎಂಬುದರ ಶಾಸ್ತ್ರವಾಗಿ ನಾಲ್ಕು ಹನಿ ಬಿದ್ದು, ಆಮೇಲೆ ಎರಡನೆಯದು. ನನ್ನ ಮಾತು ಕೆಲವು ಕಡೆ ನಿಮಗೆ ತಿಳಿಯದೆ ಹೋದೀತು, ಕೆಲವು ಕಡೆ ಒರಟಾಗಿ ಕಂಡೀತು. ತಿಳಿಯದ್ದಕ್ಕೆ ಕ್ಷಮೆ ಕೇಳುತ್ತೇನೆ, ಒರಟಿಗೆ ಕೇಳುವುದಿಲ್ಲ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಐವತ್ತು ತುಂಬಿದೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಹಿಂದಿನವರಿಗೆ ಬರೆಯುವ ಕಾಗದಕ್ಕೆ ನಾವು ಹಿಂಬರಹ ಎನ್ನುತ್ತೇವೆ. ಸತ್ತವರನ್ನು ನೆನೆಯುವ ರವಿವಾರ ಇದನ್ನು ಬರೆದು, ಸಮಾಧಿಯ ಕಲ್ಲಿನ ಕೆಳಗೆ ತುರುಕಿ ಬರುವುದು ನಮ್ಮ ಪದ್ಧತಿ. ಎಲ್ಲರೂ ಹಿರಿಯರಿಗೆ ಸ್ತೋತ್ರವನ್ನೇ ಬರೆಯುತ್ತಾರೆ. ನೀವು ಗುಡಿಯ ಗೋಡೆ ಕಟ್ಟಿದಿರಿ, ನಂಬಿಕೆ ಉಳಿಸಿದಿರಿ, ನಿಮಗೆ ವಂದನೆ ಎಂದು. ನನಗೆ ಈ ವರುಷ ಹಾಗೆ ಬರೆಯಲು ಕೈ ಬರಲಿಲ್ಲ. ನಿಮ್ಮ ಮೇಲೆ ಸಿಟ್ಟಿದೆ.

ನಮ್ಮ ದಿನ ಹೇಗೆ ಹೋಗುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ನಸುಕಿನಲ್ಲಿ ಎದ್ದು ನೀರಪಾಲು ಹಿಡಿದುಕೊಳ್ಳಬೇಕು. ಗಾಳಿಯಲ್ಲಿರುವ ತೇವವನ್ನು ಹಿಂಡಿ ಮನೆಮನೆಗೆ ಅಳೆದು ಕೊಡುವ ನೀರಿಗೆ ಆ ಹೆಸರು. ನನ್ನ ಪಾಲು ಒಂದು ಕೊಡ. ಅದರಲ್ಲೇ ಕುಡಿಯಬೇಕು, ಬೇಯಿಸಬೇಕು, ಮುಖ ತೊಳೆಯಬೇಕು. ಜೋಳ ಈಗ ಅಟ್ಟದ ಹೊಲದಲ್ಲಿ ಬೆಳೆಯುತ್ತದೆ, ಒಂದರ ಮೇಲೊಂದು ಅಟ್ಟ, ನೆರಳಿನಲ್ಲಿ. ರುಚಿ ಸಪ್ಪೆ. ಆದರೂ ರೊಟ್ಟಿ ನಾನು ಕೈಯಿಂದಲೇ ಬಡಿಯುತ್ತೇನೆ. ಹೊತ್ತು ಏರಿದ ಮೇಲೆ ಬಿಸಿಲುಗಂಟೆ ಹೊಡೆಯುತ್ತದೆ. ಹೊಡೆಯಿತೆಂದರೆ ಯಾರೂ ಹೊಸ್ತಿಲು ದಾಟುವಂತಿಲ್ಲ, ಸಂಜೆಯವರೆಗೆ. ಹೀಗಾಗಿ ಆರಾಧನೆಯನ್ನೂ ಕೋಳಿ ಕೂಗುವ ಹೊತ್ತಿಗೆ ಮುಗಿಸುತ್ತೇವೆ. ಇದರಲ್ಲಿ ಯಾವುದಕ್ಕೂ ನಾನು ನಿಮ್ಮನ್ನು ಬೈಯುತ್ತಿಲ್ಲ. ಬಿಸಿಲಿಗೆ ಕಾರಣರಾದವರು ದೊಡ್ಡ ದೊಡ್ಡ ಊರಿನವರು, ಅವರ ಲೆಕ್ಕ ದೇವರ ಹತ್ತಿರ ಇದೆ. ನಾನು ಬೈಯುವುದು ಒಂದು ಲೋಟ ನೀರಿಗಾಗಿ.

ಗುಡಿಯೊಳಗೆ ಹೋಗುವಾಗ ನಾವು ಕಿವಿಗೆ ಒಂದು ಮಣಿ ಇಟ್ಟುಕೊಳ್ಳುತ್ತೇವೆ. ಕಡಲೆಕಾಳಿನಷ್ಟು. ಅದರ ಹೆಸರು ಒಪ್ಪುದನಿ. ಮೊದಲು ಕಿವಿ ಕೇಳದ ಮುದುಕರಿಗೆಂದು ಬಂತಂತೆ, ಆಮೇಲೆ ತೆಲುಗು ಮಾತಾಡುವ ಸೊಸೆಯಂದಿರಿಗೆಂದು. ಈಗ ಎಲ್ಲರಿಗೂ. ನಮ್ಮ ಸಭಾಪಾಲಕರು ಸುಮಂತಯ್ಯನವರು ವೇದಿಕೆಯ ಮೇಲೆ ನಿಂತು ಪ್ರಸಂಗ ಮಾಡುತ್ತಾರೆ, ಬಾಯಿ ಆಡುತ್ತದೆ. ಮಣಿ ಅದನ್ನು ಹಿಡಿದು, ಯಾರ ಮನಸ್ಸಿಗೆ ಹೇಗೆ ಬೇಕೋ ಹಾಗೆ ತಿದ್ದಿ ಕಿವಿಗೆ ಹಾಕುತ್ತದೆ. ಮಗ್ಗುಲ ಬೆಂಚಿನವನಿಗೆ ಧೈರ್ಯದ ಪ್ರಸಂಗ, ಅವನ ಹೆಂಡತಿಗೆ ತಾಳ್ಮೆಯದು. ಒಬ್ಬರು ಅಳುವಾಗ ಇನ್ನೊಬ್ಬರು ನಗುತ್ತಾರೆ. ಆಮೆನ್ ಎನ್ನುವುದು ಹುರಿಗಡಲೆ ಸಿಡಿದ ಹಾಗೆ, ಅಲ್ಲೊಂದು ಇಲ್ಲೊಂದು. ಹಾಡುವಾಗ ಬೇಸೂರಿನವರ ದನಿಯನ್ನು ಮಣಿ ತೆಗೆದುಬಿಡುತ್ತದೆ. ನನ್ನ ದನಿಯನ್ನು ಎಷ್ಟು ಕಿವಿಗಳಿಂದ ತೆಗೆದಿದೆಯೋ ದೇವರೇ ಬಲ್ಲ. ಮಣಿ ಯಾರನ್ನೂ ಗದರಿಸುವುದಿಲ್ಲ. ನೀನು ನೊಂದಿದ್ದೀ, ನಿನ್ನದು ಸರಿಯಿದೆ, ನೀನು ಎಂದೋ ಕ್ಷಮಿಸಿದ್ದೀ, ಸಮಾಧಾನದಿಂದ ಭೋಜನಕ್ಕೆ ಬಾ ಎನ್ನುತ್ತದೆ. ಕರ್ತನ ಭೋಜನಕ್ಕೆ, ರೊಟ್ಟಿ ಮುರಿಯಲು, ನಾವು ಹಾಗೇ ಹೋಗುತ್ತೇವೆ. ಎಲ್ಲರದೂ ಸರಿ, ಎಲ್ಲರೂ ನೊಂದವರು.

ಲೋವಿಸಕ್ಕ ನನ್ನ ನೆಗೆಣ್ಣಿ. ನನ್ನ ಭಾವನ ಹೆಂಡತಿ, ಹಿರಿಯ ಸೊಸೆ. ನಮ್ಮ ಅತ್ತೆ ರೂತವ್ವ ತೀರಿಕೊಂಡ ದಿನ ಆಕೆ ಊರಲ್ಲಿರಲಿಲ್ಲ. ಮುಖ ತೊಳೆದು ಕೂದಲು ಬಾಚುವುದು ಹಿರಿಯ ಸೊಸೆಯ ಕೆಲಸ. ಬಿಸಿಲಲ್ಲಿ ಹೆಣ ಕಾಯುವುದಿಲ್ಲ, ನಾನೇ ತೊಳೆದೆ. ಅದೂ ನನ್ನ ನೀರಪಾಲಿನಲ್ಲಿ. ಲೋವಿಸಕ್ಕ ಬಾಗಿಲಲ್ಲಿ ಬಂದು ನಿಂತಳು. ಇನ್ನೂ ಚೀಲ ಇಳಿಸಿರಲಿಲ್ಲ. ಎಲ್ಲರೆದುರಿಗೆ ಕೇಳಿದಳು:

“ಯಾರನ್ ಕೇಳಿ ನಿನ್ನ ಕೈ ಹಚ್ಚಿದಿ?”

ನಿನ್ನ ಕೈ ಎಂದಳು. ನಾನು ಹಳ್ಳದ ಓಣಿಯಿಂದ ಬಂದ ಸೊಸೆ. ಜಾತಿಯಲ್ಲಿ ಕೀಳೆಂದು ಊರು ಎಣಿಸುವ ಆ ಓಣಿಯವರ ಕೈ ಎಂದು ನನ್ನ ಎದೆಗೆ ನಾಟಿತು. ಆಕೆಯ ಮನಸ್ಸಿನಲ್ಲಿ ಅದಿತ್ತೋ, ಬರೀ ತಡವಾಯಿತೆಂಬ ಸಂಕಟವಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಆಕೆಯ ಕಡೆ ನೋಡಲಿಲ್ಲ, ಬಂದವರ ಕಡೆ ನೋಡಿ ಹೇಳಿದೆ:

“ಇದ್ದಾಗ ಮುಖಾ ತೊಳಿಯಾಕ ಬರಲಿಲ್ಲ, ಸತ್ತ ಮ್ಯಾಲ ಓಡಿ ಬಂದಾಳ ನೋಡ್ರಿ ಹಿರೀ ಸೊಸಿ.”

ಅಷ್ಟೇ. ಆಮೇಲೆ ಹನ್ನೊಂದು ವರುಷ ನಾವು ಮಾತಾಡಲಿಲ್ಲ. ಒಂದೇ ಓಣಿ, ಒಂದೇ ಬೆಂಚು. ಮಧ್ಯೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂಡುತ್ತಿದ್ದೆವು, ಅದು ಅತ್ತೆಯ ಜಾಗ ಎಂದು ನೋಡಿದವರು ಅಂದುಕೊಂಡರು. ನನ್ನ ಮಣಿ ನನಗೆ ನಿನ್ನದು ಸರಿ ಎಂದಿತು. ಆಕೆಯ ಮಣಿ ಆಕೆಗೂ ಅದನ್ನೇ ಹೇಳಿತು. ಇಬ್ಬರೂ ಒಂದೇ ರೊಟ್ಟಿ ಮುರಿದು ತಿಂದೆವು.

ಈ ಬೇಸಿಗೆಯಲ್ಲಿ ಲೋವಿಸಕ್ಕನ ಎದೆ ಸೋತಿತು. ಬಿಸಿಲು ತಾಳಲಾರದವರನ್ನು ಸರಕಾರ ತಂಪುಮನೆಗೆ ಒಯ್ಯುತ್ತದೆ. ದೂರದ ಗುಡ್ಡದ ಹೊಟ್ಟೆಯೊಳಗೆ ಕೊರೆದ ಮನೆ ಅದು. ಅಲ್ಲಿಗೆ ಹೋದವರು ತಿರುಗಿ ಬಂದದ್ದಿಲ್ಲ. ಸೋಮವಾರ ಗಾಡಿ ಬರುತ್ತದೆ ಎಂದು ತಿಳಿಯಿತು. ರವಿವಾರ ಭೋಜನ. ಅಂದರೆ ಆಕೆಯ ಜೊತೆ ಕಡೆಯ ಭೋಜನ. ಆಗ ನನಗೆ ನಮ್ಮಾಯಿ, ಅವ್ವನ ಅವ್ವ, ಹೇಳುತ್ತಿದ್ದ ಶನಿವಾರದ ನೀರು ನೆನಪಿಗೆ ಬಂತು.

ನಿಮಗೆ ಅದನ್ನು ವಿವರಿಸಬೇಕಾಗಿಲ್ಲ, ನೀವು ಮಾಡಿದವರು. ನಾನು ಕೇಳಿದ್ದು ಸರಿಯೋ ಎಂದು ತಾಳೆ ನೋಡಿಕೊಳ್ಳಿರಿ. ಭೋಜನದ ಹಿಂದಿನ ಶನಿವಾರ, ಯಾರ ಜೊತೆ ಮನಸ್ಸು ಮುರಿದಿದೆಯೋ ಅವರ ಹೊಸ್ತಿಲಿಗೆ ಹೋಗಿ ನಿಲ್ಲಬೇಕು. ನನ್ನ ಕಡೆಯಿಂದ ಆದದ್ದನ್ನು ಕರ್ತನ ಮುಖ ನೋಡಿ ಬಿಡಿರಿ ಎನ್ನಬೇಕು. ಆ ಮನೆಯವರು ಬೈಯಲಿ, ಅಳಲಿ, ಏನಾದರೂ ಹೇಳಿಕೊಳ್ಳಲಿ, ನಿಂತು ಕೇಳಬೇಕು. ಕಡೆಗೆ ಅವರು ಒಂದು ಲೋಟ ನೀರು ತಂದು ಕೊಟ್ಟರೆ ಮುಗಿಯಿತು, ಕುಡಿದು ಬರಬೇಕು. ರವಿವಾರ ಬೆಳಿಗ್ಗೆ ಪಾಲಕರು ಗುಡಿಯ ಬಾಗಿಲಲ್ಲಿ ನಿಂತು ಬೇರೇನೂ ಕೇಳುತ್ತಿರಲಿಲ್ಲವಂತೆ, ನೀರು ಕುಡಿದಿರೇನು ಎಂದಷ್ಟೇ.

ಅದನ್ನು ನೀವು ಬಿಟ್ಟದ್ದು ಹೇಗೆಂಬುದೂ ನಮಗೆ ಗೊತ್ತು. ನಮ್ಮಾಯಿಗೆ ಅವರ ಆಯಿ ಹೇಳಿದ್ದು. ಕಮಿಟಿಯ ಹಿರಿಯರು ಯೋಬಪ್ಪನವರು ಹಳ್ಳದ ಓಣಿಯ ಸಾರವ್ವನಿಗೆ ಹೆಂಗಸರ ಕೂಟದಲ್ಲಿ ಆಡಬಾರದ ಮಾತು ಆಡಿದ್ದರು. ಪಾಲಕರು ಪಟ್ಟು ಹಿಡಿದದ್ದರಿಂದ ಶನಿವಾರ ಹೋದರು. ಹೊಸ್ತಿಲಲ್ಲಿ ನಿಂತು ಹೇಳಬೇಕಾದ್ದನ್ನು ಹೇಳಿದರು. ಸಾರವ್ವ ಬೆಳಗಿದ ತಾಮ್ರದ ಲೋಟದಲ್ಲಿ ನೀರು ತಂದಳು. ಯೋಬಪ್ಪನವರು ಲೋಟ ಇಸಿದುಕೊಂಡು ಕಟ್ಟೆಯ ಮೇಲೆ ಇಟ್ಟರು.

“ಈಗಷ್ಟ ಮನ್ಯಾಗ ಕುಡದ ಬಂದೀನವಾ, ಹೊಟ್ಟಿ ತುಂಬೇತಿ.”

“ಹೌದ್ರಿ ಯಜಮಾನ್ರ,” ಎಂದಳಂತೆ ಸಾರವ್ವ, “ನಾಳೆ ರೊಟ್ಟಿಗೆ ಹೊಟ್ಯಾಗ ಜಾಗಾ ಉಳದೈತೋ ಇಲ್ಲೋ ನೋಡ್ಕೊರಿ ಮತ್ತ.”

ಮುಂದಿನ ಕಮಿಟಿಯಲ್ಲಿ ಠರಾವಾಯಿತು. ಶನಿವಾರದ ಪದ್ಧತಿ ಹಳೆಯ ಕಾಲದ್ದು, ಓದಿದ ಜನಕ್ಕೆ ಮುಜುಗರ, ದೇವರೆದುರು ಮನಸ್ಸಿನಲ್ಲೇ ಅರಿಕೆ ಮಾಡಿಕೊಂಡರೆ ಸಾಕು. ಎಲ್ಲರೂ ಕೈ ಎತ್ತಿದಿರಿ. ಯಾರ ಮನೆಯ ನೀರು ಯಾರ ಗಂಟಲಲ್ಲಿ ಇಳಿಯಲಿಲ್ಲ ಎಂಬುದು ನಿಮ್ಮೆಲ್ಲರಿಗೂ ಗೊತ್ತಿತ್ತು. ಬೇರೆ ಜಾತಿಯ ಹೆಂಗಸಿನ ಹತ್ತಿರ ಬಾವಿಕಟ್ಟೆಯಲ್ಲಿ ಕೂತು ನೀರು ಬೇಡಿದ ಕರ್ತನ ಹೆಸರು ಹೇಳಿಕೊಂಡು ಬದುಕುವ ಜನ ನಾವು. ಮನಸ್ಸಿನಲ್ಲೇ ಸಾಕು ಎಂದು ನೀವು ಅಂದ ದಿನವೇ ನಮ್ಮ ಕಿವಿಯಲ್ಲಿ ಮಣಿಗೆ ಜಾಗ ಕೊರೆದಂತಾಯಿತು. ಅದೂ ಇದನ್ನೇ ಹೇಳುತ್ತದೆ, ನಿಮಗಿಂತ ಸ್ವಲ್ಪ ಇಂಪಾಗಿ.

ಶನಿವಾರ ನಸುಕಿನಲ್ಲಿ ನಾನು ಮಣಿಯನ್ನು ಗೂಡಿನಲ್ಲೇ ಬಿಟ್ಟು ಲೋವಿಸಕ್ಕನ ಮನೆಗೆ ಹೋದೆ. ಹತ್ತು ಮನೆಯ ದೂರ. ಆಕೆ ಬಾಗಿಲು ತೆರೆದಳು. ಸೊರಗಿದ್ದಳು, ಕುಪ್ಪಸದ ತೋಳು ಜೋತಾಡುತ್ತಿತ್ತು. ಕಿವಿಯಲ್ಲಿ ಮಣಿ ಇತ್ತು, ಆಕೆ ಈಚೆಗೆ ಮನೆಯಲ್ಲೂ ತೆಗೆಯುತ್ತಿರಲಿಲ್ಲ.

“ಅಕ್ಕಾ, ಅತ್ತಿ ಮುಖಾ ನೀನಽ ತೊಳೀಬೇಕಿತ್ತು. ನಾ ಮಂದ್ಯಾಗ ಹಂಗ ಅನ್ನಬಾರದಿತ್ತು.”

ಆಕೆಯ ತುಟಿ ಅದುರಿತು. ಏನೋ ಹೊರಡುವುದರಲ್ಲಿತ್ತು, ನಾನು ಕಂಡೆ. ಆಮೇಲೆ ಆಕೆ ತಲೆಯನ್ನು ಸ್ವಲ್ಪ ವಾರೆ ಮಾಡಿದಳು, ಮಣಿಯ ಮಾತು ಕೇಳುವಾಗ ಎಲ್ಲರೂ ಮಾಡುವ ಹಾಗೆ. ಮುಖ ನುಣ್ಣಗಾಯಿತು.

“ನಾ ನಿನ್ನ ಎಂದೋ ಕ್ಷಮಿಸೇನಿ, ಎಸ್ತೇರ. ನನ್ನ ಮನಸ್ಸು ಸಮಾಧಾನದಾಗೈತಿ. ಹಳೇದು ತಗೀಬ್ಯಾಡ. ಹೋಗಿ ಬಾ.”

ಬಾಗಿಲು ಮುಚ್ಚಿಕೊಂಡಿತು. ಮೆಲ್ಲಗೆ, ಸಪ್ಪಳವಿಲ್ಲದೆ. ಬೈದು ಬಾಗಿಲು ಬಡಿದಿದ್ದರೆ ನಾನು ಅಲ್ಲೇ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಕ್ಷಮಿಸಿದವರ ಬಾಗಿಲನ್ನು ಹೇಗೆ ತಟ್ಟುವುದು? ನೀರಿನ ಮಾತೇ ಬರಲಿಲ್ಲ. ಆಕೆಗೆ ಆ ಪದ್ಧತಿ ಯಾರೂ ಹೇಳಿರಲಿಕ್ಕಿಲ್ಲ.

ರವಿವಾರ ನಾನು ಮಣಿಯಿಲ್ಲದೆ ಕೂತೆ. ಮೊದಲ ಸಲ ಸುಮಂತಯ್ಯನವರ ಸ್ವಂತ ದನಿ ಕೇಳಿದೆ. ಬಡ ದನಿ, ನಡುನಡುವೆ ಕೆಮ್ಮು. ಅವರು ಅಂದು ಗಟ್ಟಿಯಾಗಿಯೇ ಗದರಿದರು, ಒಬ್ಬರ ಮುಖ ಒಬ್ಬರು ನೋಡದೆ ಈ ರೊಟ್ಟಿ ಮುಟ್ಟಬೇಡಿರಿ ಎಂದರು. ಗುಡಿಯ ತುಂಬ ಜನ ಮುಗುಳುನಗುತ್ತ ಕೂತಿದ್ದರು. ಅದು ನನ್ನೊಬ್ಬಳಿಗೆ ಕೇಳಿತು. ಆ ಮನುಷ್ಯ ಎಷ್ಟು ವರುಷದಿಂದ ಹೀಗೆ ಗದರುತ್ತಿದ್ದಾರೋ. ರೊಟ್ಟಿಯ ತಟ್ಟೆ ನನ್ನ ಹತ್ತಿರ ಬಂದಾಗ ನಾನು ಮುಂದಕ್ಕೆ ದಾಟಿಸಿದೆ. ಲೋವಿಸಕ್ಕ ಕಣ್ಣು ಮುಚ್ಚಿ ತಿಂದಳು.

ಸೋಮವಾರ ಗಾಡಿ ಬಂತು. ತಂಪುಮನೆಯಲ್ಲಿ ಅವರದೇ ಬೇರೆ ದನಿ ಇರುತ್ತದೆಯಂತೆ, ಸಭೆಯ ಮಣಿಯನ್ನು ಸಭೆಗೇ ಒಪ್ಪಿಸಿ ಹೋಗಬೇಕು. ಲೋವಿಸಕ್ಕ ಗಾಡಿಯ ಮೆಟ್ಟಿಲ ಮೇಲೆ ಕೂತು ಮಣಿ ತೆಗೆದು ಕೊಟ್ಟಳು. ಕಿವಿ ತಿಕ್ಕಿಕೊಂಡಳು. ಸುತ್ತ ನೋಡಿದಳು, ಎಲ್ಲಿಂದಲೋ ಎದ್ದು ಬಂದವಳ ಹಾಗೆ. ಜನರ ಹಿಂದೆ ನಿಂತ ನನ್ನನ್ನು ಕಂಡಳು.

“ಏ ಎಸ್ತೇರ,” ಎಂದಳು. ದನಿ ಒಡೆದಿತ್ತು. “ಅವತ್ತ ಎಷ್ಟ್ ಸೊಕ್ಕಿಲೆ ಮಾತಾಡಿದೆಲೇ ನೀ. ನಾ ಎಲ್ಡ್ ದಿನಾ ನಿದ್ದಿಗೆಟ್ಟು, ನಿಂತ ನಿಂತ ಬಂದಿದ್ದೆ. ಒಂದ್ ಮಾತು ಕೇಳಿದೇನು, ಯಾಕ್ ತಡಾ ಆತಕ್ಕಾ ಅಂತ?”

ಹನ್ನೊಂದು ವರುಷದಲ್ಲಿ ಆಕೆ ನನಗೆ ಆಡಿದ ಮೊದಲ ಮಾತು ಅದು. ಶನಿವಾರದ್ದು ಆಕೆಯ ಮಾತಲ್ಲ, ಲೆಕ್ಕಕ್ಕಿಲ್ಲ. ನೀರು ನನ್ನದಾದರೂ ಆಕೆಯ ಕೈಯಿಂದ ಇಸಿದುಕೊಂಡು ಕುಡಿಯಬೇಕೆಂದು, ತಾಳಕ್ಕಾ, ಬಂದೆ ಎಂದು ಕೂಗಿ ಮನೆಗೆ ಓಡಿದೆ. ಕೊಡದಲ್ಲಿ ತಳ ಕಾಣುತ್ತಿತ್ತು. ಬಗ್ಗಿಸಿ ಲೋಟ ತುಂಬಿ, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಿಗೆ ಬರುವಷ್ಟರಲ್ಲಿ ಬಿಸಿಲುಗಂಟೆ ಹೊಡೆಯಿತು. ನಾನು ದಾಟಿದೆ, ಸುಳ್ಳೇಕೆ ಹೇಳಲಿ. ಓಣಿ ಖಾಲಿಯಿತ್ತು. ಗಾಡಿ ಗಂಟೆಗೆ ಮೊದಲೇ ಹೊರಟಿತ್ತು, ಗಂಟೆಯ ನಂತರ ಅದೂ ನಿಲ್ಲುವಂತಿಲ್ಲ. ಆಕೆ ನನಗೆ ಕಾಯ್ದಳೋ, ನಾನು ಈ ಸಲವೂ ಬೆನ್ನು ತಿರುಗಿಸಿದೆನೆಂದು ತಿಳಿದಳೋ. ತಂಪುಮನೆಯಲ್ಲಿ ಹೊಸ ದನಿ ಈಗ ಆಕೆಗೆ ಏನು ಹೇಳುತ್ತಿದೆಯೋ. ನಾನು ಅಲ್ಲಿಗೆ ಕಳಿಸುವ ಮಾತೆಲ್ಲ ಆ ದನಿಯಲ್ಲೇ ತಿದ್ದಿಸಿಕೊಂಡು ಹೋಗಬೇಕು.

ಆ ಲೋಟ ಈಗ ನನ್ನ ಗೂಡಿನಲ್ಲಿದೆ, ಮಣಿಯ ಮಗ್ಗುಲಲ್ಲಿ. ಭೋಜನಕ್ಕೆ ನಾನು ಇನ್ನು ಹೋಗಲಾರೆ. ದೇವರು ಬೇಡವೆಂದಲ್ಲ, ದಿನಾ ಮೊಣಕಾಲೂರುತ್ತೇನೆ. ಬಾಗಿಲಲ್ಲಿ ನಿಂತು ನೀರು ಕುಡಿದೆಯೇನು ಎಂದು ಆತನು ಕೇಳಿದರೆ ಇಲ್ಲವೆಂದೇ ಹೇಳಬೇಕು.

ಸ್ತೋತ್ರದ ಬದಲು ಒಂದು ಬೇಡಿಕೆ ಬರೆಯುತ್ತಿದ್ದೇನೆ. ಯೋಬಪ್ಪನವರು ಹಳ್ಳದ ಓಣಿಗೆ ಹೋಗುವ ಶನಿವಾರ ನಿಮಗೆ ಇನ್ನೂ ಬಂದಿರದಿದ್ದರೆ, ಅವರ ಜೊತೆ ಇಬ್ಬರಾದರೂ ಹೋಗಿರಿ. ಅವರು ಲೋಟವನ್ನು ಕಟ್ಟೆಯ ಮೇಲೆ ಇಡಗೊಡಬೇಡಿರಿ. ಹಿರಿಯರೆಂದು ಸಂಕೋಚ ಪಡಬೇಡಿರಿ, ಕುಡಿಯಿರಿ ಯಜಮಾನ್ರೇ, ಕಾಯ್ತೇವಿ ಎಂದು ಹೇಳಿ ನಿಲ್ಲಿರಿ. ಅವರು ಕುಡಿಯದಿದ್ದರೆ ನೀವು ಇಸಿದುಕೊಂಡು ಕುಡಿಯಿರಿ. ಆ ದಿನ ಸಾರವ್ವ ಲೋಟ ಒಳಗೆ ಒಯ್ಯಲಿಲ್ಲವಂತೆ, ಸಂಜೆಯವರೆಗೆ ಕಟ್ಟೆಯ ಮೇಲೇ ಇತ್ತಂತೆ, ಯಾರಾದರೂ ಬಂದಾರೆಂದು.

ಇಂತಿ,
ಆ ಸಾರವ್ವನ ಮೊಮ್ಮಗಳ ಮೊಮ್ಮಗಳು,
ಎಸ್ತೇರವ್ವ