ಹೂವಿನ ಕೆಳಗಿದ್ದ ಕೆಂಪು ಉಂಗುರ

ಮಾನ್ಯ ಉದ್ಯಾನ ಇಲಾಖೆಯ ಮುಖ್ಯಾಧಿಕಾರಿಗಳೇ,

ಕೆರೆ ಪಕ್ಕದ ಉದ್ಯಾನದ ಬಾಗಿಲಲ್ಲಿದ್ದ ಎಚ್ಚರಿಕೆಯ ಫಲಕವನ್ನು ಅಳಿಸಲು ಹೇಳಿದವರು ತಾವು. ಅಳಿಸಿದವನು ನಾನು. ಅದು ಹಾಗೇ ಇದ್ದಿದ್ದರೆ ನನ್ನ ಅಕ್ಕ ಆ ಹುಲ್ಲಿನಲ್ಲಿ ಕೂರುತ್ತಿರಲಿಲ್ಲ. ತಮ್ಮ ಮೇಲೆ ಪತ್ರಿಕೆಯಲ್ಲಿ ದೂರು ಬರೆಯಲೆಂದೇ ಕೂತಿದ್ದೇನೆ. ಆದರೆ ತಮ್ಮತ್ತ ಬೆರಳು ತೋರಿಸಿದಾಗಲೆಲ್ಲ ಅದರ ಉಗುರಿನ ಸಂದಿಯ ಬಣ್ಣ ನನ್ನ ಕಣ್ಣಿಗೇ ಬೀಳುತ್ತದೆ.

ನಾನು ಬೋರ್ಡು ಬರೆಯುವವನು. ನಮ್ಮ ಕಸುಬಿನಲ್ಲಿ ಅಕ್ಷರ ನೋಡುತ್ತೇವೆ, ಮಾತು ನೋಡುವುದಿಲ್ಲ. ಸಾಲು ಸೊಟ್ಟಗಾಗದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದೆ ಬಂದರೆ ಕೆಲಸ ಮುಗಿಯಿತು. ತಮ್ಮ ಕಚೇರಿ ಕೊಟ್ಟ ಒಕ್ಕಣೆಯನ್ನೂ ಹಾಗೆಯೇ ಬರೆದೆ. ಹುಲ್ಲಿನಲ್ಲಿ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳುಗಳಿವೆ, ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು ಎಂಬುದು ಅದರ ಸಾರ. ಜೊತೆಗೆ ಎರಡು ಚಿತ್ರ: ಒಂದು ಎಂಟು ಕಾಲಿನ ಉಣುಗು, ಇನ್ನೊಂದು ಚರ್ಮದ ಮೇಲೆ ಹರಡುವ ಕೆಂಪು ಉಂಗುರ. ಉಂಗುರವನ್ನು ಒಂದೇ ಬೀಸಿಗೆ ಎಳೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅಷ್ಟರಲ್ಲಿ ಉದ್ಘಾಟನೆ ಬಂತು. ತಾವೇ ಬಂದು ನಿಂತು, "ಏನಪ್ಪಾ ಇದು, ದೊಡ್ಡವರು ಬರೋ ಜಾಗದಲ್ಲಿ ಹುಳ, ಹುಣ್ಣು? ಅಳಿಸಿಬಿಡು. ಹೂವು, ಚಿಟ್ಟೆ ಏನಾದರೂ ಬರಿ," ಎಂದಿರಿ. "ಆಗಲಿ ಸಾರ್" ಎಂದೆ. ಬಳಿದ ಬಣ್ಣ ದಂಡ ಮಾಡುವುದು ನಮಗೆ ಆಗಿಬರದು. ಅಕ್ಷರಗಳ ಮೇಲೆ ಹಸಿರು ಬಳಿದೆ, ಉಣುಗಿಗೆ ರೆಕ್ಕೆ ಹಚ್ಚಿ ಚಿಟ್ಟೆ ಮಾಡಿದೆ, ಕೆಂಪು ಉಂಗುರದ ಸುತ್ತ ಐದು ದಳ ಬಿಡಿಸಿ ಹೂವು ಮಾಡಿದೆ. ತಾವು ಮೆಚ್ಚಿ ತಲೆದೂಗಿದಿರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬುದು ಗೊತ್ತಿತ್ತು, ಬೆಕ್ಕಿನ ಕಣ್ಣಿಗೆ ಬಣ್ಣ ಬಳಿದುಕೊಡುವ ಕಸುಬೂ ಇದೆಯೆಂದು ಆಮೇಲೆ ತಿಳಿಯಿತು.

ಆ ಹೂವನ್ನು ತೋರಿಸಲು ಅಕ್ಕನನ್ನು ನಾನೇ ಕರೆದೊಯ್ದೆ. ಅವಳು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಕೂಗುವವಳು. ಅವಳ ದನಿ ಊರಿಗೆಲ್ಲ ಪರಿಚಯ. ಚಪ್ಪಲಿ ಬಿಟ್ಟು ಫಲಕದ ಬುಡದಲ್ಲೇ ಹುಲ್ಲಿನ ಮೇಲೆ ಕೂತಳು. "ಹೂವು ಚೆನ್ನಾಗಿದೆ ಕಣೋ, ಒಂದು ದಳ ಮಾತ್ರ ನಿನ್ನ ಮೂಗಿನ ಥರ ವಾರೆ," ಎಂದು ನಕ್ಕಳು. ಆಮೇಲೊಂದು ದಿನ ಮಂಡಿಯ ಹಿಂದೆ ಕೆಂಪಗೆ ಅಗಲವಾಗುತ್ತಿದ್ದ ಕಲೆ ತೋರಿಸಿ, "ನೋವೂ ಇಲ್ಲ, ತುರಿಕೆಯೂ ಇಲ್ಲ, ಏನೋ ಇದು?" ಎಂದಳು. ನನ್ನ ಕೈಯಾರೆ ಬರೆದ ಉಂಗುರ ಅವಳ ಕಾಲ ಮೇಲೆ ಕೂತಿತ್ತು, ಮಾನ್ಯರೇ, ನನಗೆ ಗುರುತು ಸಿಗಲಿಲ್ಲ! "ಹುಳುಕಡ್ಡಿ ಇರಬೇಕಕ್ಕ" ಎಂದು ಮುಲಾಮು ತಂದುಕೊಟ್ಟೆ. ಜ್ವರ ಬಂತು, ಮೈಕೈ ನೋವು ಬಂತು. ಹವೆ ಬದಲಾಗಿದೆ ಎಂದೆ. ಕೊನೆಗೆ ಮುಖದ ಒಂದು ಪಕ್ಕ ಜೋತುಬಿತ್ತು. ತುಟಿ ಕೂಡದೆ ಪ, ಬ, ಮ ಹೊರಡದಾದವು. ಬಸ್ಸು ಎನ್ನಲಾಗದವಳು ಬಸ್ಸನ್ನು ಕೂಗುವುದು ಹೇಗೆ?

ಡಾಕ್ಟರಮ್ಮ ನನ್ನನ್ನೇ ಕೇಳಿದರು: "ಇದು ಉಣುಗು ಕಚ್ಚಿ ಬಂದ ಲೈಮ್ ಕಾಯಿಲೆ. ಕಲೆ ಕಂಡಾಗಲೇ ಯಾಕೆ ಕರ್ಕೊಂಡು ಬರ್ಲಿಲ್ಲ? ಆಗಲೇ ಮಾತ್ರೆ ಶುರು ಮಾಡಿದ್ರೆ ಇಲ್ಲೀವರೆಗೂ ಬರ್ತಿರ್ಲಿಲ್ಲವೇನೋ." ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವಳು ಅಕ್ಕ.

ಆಮೇಲಷ್ಟೇ ನಾನು ಬರೆದದ್ದನ್ನು ನಾನು ಓದಿದೆ. ಆ ಒಕ್ಕಣೆಯ ಹಾಳೆ ಬಣ್ಣದ ಡಬ್ಬಿಗಳ ಕೆಳಗೆ ಹಾಸಿಕೊಂಡು ಬಿದ್ದಿತ್ತು. ಅದರಲ್ಲಿ ಹೀಗಿತ್ತು: ದಾರಿಯ ನಡುವೆ ನಡೆಯಿರಿ. ಮೈತುಂಬ ತಿಳಿಬಣ್ಣದ ಬಟ್ಟೆ ತೊಟ್ಟು ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದು ಸ್ನಾನ ಮಾಡಿ, ಮಂಡಿಯ ಹಿಂದೆ, ಕಂಕುಳು, ತೊಡೆಸಂದಿ, ಕಿವಿಯ ಹಿಂದೆ, ತಲೆಗೂದಲಲ್ಲಿ ಹುಡುಕಿ. ಉಣುಗು ಕಚ್ಚಿಕೊಂಡಿದ್ದರೆ ಎಣ್ಣೆ ಸುರಿಯಬೇಡಿ, ಬೆಂಕಿ ತಾಗಿಸಬೇಡಿ. ಸಣ್ಣ ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಕಲೆ ಹರಡಿದರೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಕೆಲವರಿಗೆ ಕಲೆ ಕಾಣಿಸುವುದೇ ಇಲ್ಲ. ಇಷ್ಟು ಓದಿ ಯಾವ ದೊಡ್ಡವರಿಗೆ ಹೊಟ್ಟೆ ತೊಳಸುತ್ತಿತ್ತು? ಅಥವಾ ಉಣುಗುಗಳೂ ತಮ್ಮ ಉದ್ಘಾಟನೆಯ ಮರ್ಯಾದೆಗೆ ಬೆಲೆಕೊಟ್ಟು ಜಾಗ ಖಾಲಿ ಮಾಡುತ್ತವೆಂದು ತಿಳಿದಿರಾ?

ಅಕ್ಕ ಸುಧಾರಿಸಿಕೊಳ್ಳುತ್ತಿದ್ದಾಳೆ. ಬಾಯಿಯ ಒಂದು ಅಂಚಿನಿಂದ ಇನ್ನೂ ನೀರು ಸೋರುತ್ತದೆ. ಮೈಕಿನ ಮುಂದೆ ಬೇರೆಯವರಿದ್ದಾರೆ. ಉದ್ಯಾನದ ಹುಲ್ಲು ಈಗ ಮಂಡಿಯುದ್ದ ಬೆಳೆದಿದೆ. ತಾಯಂದಿರು ಕೂಸುಗಳನ್ನು ನನ್ನ ಹೂವಿನ ಮುಂದೆಯೇ ಕೂರಿಸಿ ಫೋಟೋ ತೆಗೆಯುತ್ತಾರೆ. ದಾರಿಯಂಚಿನ ಹುಲ್ಲು ಕತ್ತರಿಸಿ, ಆ ಫಲಕವನ್ನು ಮತ್ತೆ ಬರೆಸಿ. ಈ ವಾರ ತಾವು ಬರೆಸದಿದ್ದರೆ ಕೇಳದೆಯೇ ಹೋಗಿ ಬರೆಯುತ್ತೇನೆ, ಬೇಕಾದರೆ ಕೇಸು ಹಾಕಿ.

ಆ ಹೂವಿನ ಕೆಳಗೆ ಏನಿತ್ತೆಂದು ಅಕ್ಕನಿಗೆ ಇನ್ನೂ ಹೇಳಿಲ್ಲ. ಮೊನ್ನೆ ಕೂಡ ತುಟಿ ಕೂಡಿಸಲು ಹೆಣಗುತ್ತ, "ಆ ದಳ ಸರಿ ಮಾಡಿದೆಯೇನೋ?" ಎಂದು ಕೇಳಿದಳು. ಅವಳು ದಿನಾ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಮಾತು ತಿದ್ದಿಕೊಳ್ಳುತ್ತಾಳೆ. ನಾಳೆ ಅಚ್ಚಾದ ಈ ಪತ್ರವನ್ನೂ ಓದುತ್ತಾಳೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಇಂತಿ,
ತಮ್ಮ ಮಾತು ಮೀರದ, ತನ್ನ ಬರಹ ಓದದ
ಬೋರ್ಡು ಬರೆಯುವವನು